ಖಾಲಿ ಬುಟ್ಟಿ ತೋರಿಸಿದವಳು

ಮಾರ್ಚ್ 3, ಸೋಮವಾರ

ಕೈಬರಹ ಕೆಟ್ಟುಹೋಗಿದೆ. ಇಪ್ಪತ್ತೆರಡು ವರ್ಷ ಕೀಲಿಮಣೆ ಕುಟ್ಟಿದ ಬೆರಳುಗಳು ಪೆನ್ನು ಹಿಡಿದರೆ ಹಠ ಮಾಡುತ್ತವೆ. ಅದಕ್ಕೇ ಈ ನೋಟ್‌ಬುಕ್. ದಿನಕ್ಕೊಂದು ಪುಟ ಕೈಯಲ್ಲಿ ಬರೆಯುವುದು. ಬರೆಯಲು ಏನಾದರೂ ಬೇಕಲ್ಲ, ಆದದ್ದನ್ನು ಆದಂತೆ ಬರೆದರಾಯಿತು.

ಆದದ್ದು ಇಷ್ಟು. ಕೋರ್ಟಿನ ಎದುರಿನ ಸಾಲು ಅಂಗಡಿಗಳನ್ನು ಒಡೆಯುತ್ತಿದ್ದಾರೆ. ನನ್ನ ಟೈಪಿಂಗ್ ಅಂಗಡಿಯೂ ಹೋಯಿತು. ಇನ್ನು ಮುಂದೆ ಕೆಲಸವೆಲ್ಲ ಮನೆಯಲ್ಲೇ. ಮುಂದಿನ ಕೋಣೆಯಲ್ಲಿ ಮೇಜು ಹಾಕಿದ್ದೇವೆ. ಹೊಸ ಕಂಪ್ಯೂಟರ್ ಬಂದಿದೆ. ಹಳೆಯದನ್ನು ಇವರು ಶನಿವಾರ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಕೊಟ್ಟು ಅದರ ಬದಲಿಗೆ ಒಂದು ಪ್ರಿಂಟರ್ ಹೊತ್ತು ತಂದರು. ಬಸ್ ಡಿಪೋದಿಂದ ನಿವೃತ್ತರಾದ ಮೇಲೆ ಇವರು ಮಾಡಿದ ಮೊದಲ ವ್ಯಾಪಾರ. ಮೂರು ದಿನದಿಂದ ಅದೇ ಮಾತು.

ಕೊಡುವ ಮುಂಚೆ ನಾನೇ ಕೂತು ಎಲ್ಲ ಫೈಲುಗಳನ್ನೂ ಅಳಿಸಿ, ಪರದೆಯ ಮೇಲಿನ ಕಸದ ಬುಟ್ಟಿ ಖಾಲಿ ಮಾಡಿದ್ದೆ. ಅದು ನಮ್ಮ ಅಂಗಡಿಯ ಪದ್ಧತಿ. ವಿಚ್ಛೇದನ, ಆಸ್ತಿ ಜಗಳ, ಜೀವನಾಂಶ, ಇಂಥ ಕಾಗದ ಟೈಪ್ ಮಾಡಿಸಿದ ಗಿರಾಕಿಯನ್ನು ಸುಮ್ಮನೆ ಕಳಿಸುವುದಿಲ್ಲ. ಪರದೆಯನ್ನು ಅವರ ಕಡೆ ತಿರುಗಿಸಿ, ಅವರ ಕಣ್ಣೆದುರೇ ಫೈಲು ಅಳಿಸಿ, ಬುಟ್ಟಿ ಖಾಲಿ ಮಾಡಿ ತೋರಿಸುತ್ತೇನೆ. ಕಾಗದ ಮುದುರಿದಂತೆ ಒಂದು ಸದ್ದು ಬರುತ್ತದೆ. ಅದನ್ನು ಕೇಳಿದರೆ ಅವರ ಭುಜ ಒಂದಿಂಚು ಇಳಿಯುತ್ತದೆ. ಸಾಲಿನಲ್ಲಿ ಬೇರೆ ಯಾವ ಟೈಪಿಸ್ಟೂ ಹೀಗೆ ಮಾಡುತ್ತಿರಲಿಲ್ಲ.

ಇನ್ನೊಂದು, ಟೈಪ್ ಮಾಡಿದ್ದನ್ನು ನಾನು ಓದುವುದಿಲ್ಲ. ಕಣ್ಣು ನೋಡುತ್ತದೆ, ಕೈ ಹೊಡೆಯುತ್ತದೆ, ತಲೆಗೆ ಹೋಗುವುದಿಲ್ಲ. ಊರಿನ ಅರ್ಧ ಸಂಸಾರಗಳ ರಗಳೆ ನನ್ನ ಬೆರಳಿನಿಂದ ದಾಟಿಹೋಗಿದೆ. ಒಂದಾದರೂ ಹೇಳು ಎಂದರೆ ಹೇಳಲು ಬಾರದು.

ಮಾರ್ಚ್ 4, ಮಂಗಳವಾರ

ಇವರು ಹೊಸ ಕಂಪ್ಯೂಟರಿನಲ್ಲಿ ಇಸ್ಪೀಟಿನ ಆಟ ಹುಡುಕಿ, ಸಿಗದೆ, ಎಲ್ಲಿಂದಲೋ ಇಳಿಸಿಕೊಂಡಿದ್ದಾರೆ. ಆಟದ ಬಾಲ ಹಿಡಿದು ಒಂದು ಕೆಂಪು ಚೌಕ ಬಂತು. ನಿಮ್ಮ ಕಂಪ್ಯೂಟರಿನಲ್ಲಿ ನಲವತ್ತೇಳು ವೈರಸ್‌ಗಳಿವೆ, ಇಲ್ಲಿ ಒತ್ತಿ ಅಂತ.

"ಯಾಕ್ರೀ ಒತ್ತಿದ್ರಿ?"

"ಒತ್ತಿ ಅಂತ ಬರೆದಿತ್ತಲ್ಲೇ."

ಮೂವತ್ತೈದು ವರ್ಷ ಸುತ್ತೋಲೆ ಓದಿ ಪಾಲಿಸಿದ ಮನುಷ್ಯ. ಬರೆದಿದ್ದರೆ ಮಾಡುತ್ತಾರೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದಾರೆ, ಅದೂ ದುಂಡಗಿನ ದೊಡ್ಡ ಅಕ್ಷರದಲ್ಲಿ. ಕಿತ್ತು ಹಾಕಿದೆ. ಮರೆತರೆ ಏನು ಗತಿ ಎಂದು ಜಗಳ.

ತಿರುಪಿಗೆ ಫೋನ್ ಮಾಡಿದೆ. ಅಂಗಡಿಯ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವನು. ಸದಾ ತುಟಿಯ ನಡುವೆ ಒಂದು ಸ್ಕ್ರೂ ಕಚ್ಚಿಕೊಂಡಿರುವುದರಿಂದ ಸಾಲಿನವರೆಲ್ಲ ತಿರುಪು ಎಂದೇ ಕರೆಯುತ್ತೇವೆ. ಗುರುವಾರ ಬರುತ್ತಾನಂತೆ.

ಮಾರ್ಚ್ 5, ಬುಧವಾರ

ಕರೆಂಟಿನ ಮೀಟರು ಓದಲು ಹೊಸಬನೊಬ್ಬ ಬಂದಿದ್ದ. ಯಾವಾಗಲೂ ಬರುವ ಮುದುಕಪ್ಪನಿಗೆ ರಜೆಯಂತೆ. ಇಸ್ತ್ರಿ ಕೆಡದ ಸಮವಸ್ತ್ರ, ಮೆದು ದನಿ. ನೀರು ಕೇಳಿ ಕುಡಿದು ಲೋಟವನ್ನು ಹೊರಗಿನ ನಲ್ಲಿಯಲ್ಲಿ ತಾನೇ ತೊಳೆದು ಕೊಟ್ಟ. ಅಷ್ಟಕ್ಕೇ ಇವರು ಮಾರುಹೋದರು. ನಾನು ಒಳಗೆ ಟೈಪ್ ಮಾಡುತ್ತಿದ್ದೆ. ಅವರ ಮಾತು ಕಿಟಕಿಯಲ್ಲಿ ಕೇಳಿಸುತ್ತಿತ್ತು.

"ಮೇಡಂ ಕೋರ್ಟ್ ಎದುರು ಟೈಪ್ ಮಾಡ್ತಿದ್ರಲ್ವಾ ಸಾರ್?"

"ಹೌದಪ್ಪಾ. ಇನ್ಮೇಲೆ ಇಲ್ಲೇ."

"ಅಲ್ಲಿದ್ದ ಕಂಪ್ಯೂಟರೇನಾ ಇದು?"

"ಇದು ಹೊಸದು! ಹಳೇದನ್ನ ಕೊಟ್ಟು ಪ್ರಿಂಟರ್ ತಂದೆ."

"ಅಯ್ಯೋ, ನಂಗೊಂದು ಹಳೇದು ಬೇಕಿತ್ತು ಸಾರ್. ಯಾರಿಗೆ ಕೊಟ್ರಿ?"

ಇವರು ಬೀದಿ, ತಿರುವು, ಪಕ್ಕದ ಔಷಧಿ ಅಂಗಡಿ, ಎಷ್ಟನೇ ಮೆಟ್ಟಿಲು ಒಡೆದಿದೆ ಎಂಬುದನ್ನೂ ಬಿಡದೆ ಹೇಳಿದರು. ದಾರಿ ಹೇಳುವುದರಲ್ಲಿ ಡಿಪೋದವರನ್ನು ಮೀರಿಸುವವರಿಲ್ಲ.

ಮಾರ್ಚ್ 6, ಗುರುವಾರ

ಇವತ್ತಿನದು ಒಂದು ಪುಟಕ್ಕೆ ಮುಗಿಯುವುದಿಲ್ಲ.

ತಿರುಪು ಹತ್ತಕ್ಕೆ ಬಂದ. ಕೆಂಪು ಚೌಕವನ್ನೂ ಇಸ್ಪೀಟನ್ನೂ ಕಿತ್ತುಹಾಕಿದ. ನಲವತ್ತೇಳು ವೈರಸ್ ಇರಲಿಲ್ಲ, ಇವರು ತಂದದ್ದು ಒಂದೇ. ಹಳೆಯ ಕಂಪ್ಯೂಟರ್ ಎಲ್ಲಿ ಎಂದು ಕೇಳಿದ. ಕೊಟ್ಟಾಯಿತು, ಎಲ್ಲ ಅಳಿಸಿಯೇ ಕೊಟ್ಟಿದ್ದೇವೆ ಎಂದೆ.

"ಯಾವುದ್ರಲ್ಲಿ ಅಳಿಸಿದ್ರಿ ಅಕ್ಕಾ?"

"ಯಾವುದ್ರಲ್ಲಿ ಅಂದ್ರೆ? ಬುಟ್ಟಿಗೆ ಹಾಕಿ ಖಾಲಿ ಮಾಡಿದೆ."

ಅವನು ತುಟಿಯಿಂದ ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟ. ಅವನು ಸ್ಕ್ರೂ ತೆಗೆದು ಮಾತಾಡಿದ್ದು ನಾನು ಕಂಡದ್ದು ಇದೇ ಮೊದಲು.

"ಕೋರ್ಟಿನ ಕಡತಕ್ಕೆ ಮೇಲೊಂದು ಚೀಟಿ ಇರುತ್ತಲ್ಲಕ್ಕಾ, ನಂಬರ್ ಬರೆದಿದ್ದು. ಚೀಟಿ ಕಿತ್ತುಬಿಟ್ರೆ ಕಡತ ಹೋಯ್ತಾ?"

"ಇಲ್ಲ. ಕಪಾಟಲ್ಲೇ ಇರುತ್ತೆ. ಹುಡುಕೋದು ಕಷ್ಟ, ಅಷ್ಟೇ."

"ನೀವು ಇಷ್ಟು ದಿನ ಕಿತ್ತಿದ್ದು ಚೀಟಿ."

ನಾನು ನಂಬಲಿಲ್ಲ. ಅಂಗಡಿಯಲ್ಲಿ ಬಳಸುತ್ತಿದ್ದ ಪೆನ್‌ಡ್ರೈವ್ ಕೊಟ್ಟೆ. ಅದರಲ್ಲೂ ಎಲ್ಲ ಅಳಿಸಿದ್ದೇನೆ, ತೋರಿಸು ನೋಡೋಣ ಎಂದೆ. ಅವನು ಏನನ್ನೋ ಹಾಕಿ ಓಡಿಸಿದ. ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಆರುನೂರ ಹನ್ನೆರಡು ಫೈಲುಗಳು ಎದ್ದು ಕುಳಿತವು, ಹೆಸರು ಸಮೇತ. ಒಂದನ್ನು ತೆರೆಯಲು ಹೋದ. ಬೇಡ ಎಂದು ಕೈ ಹಿಡಿದೆ. ಪಟ್ಟಿಯಲ್ಲಿ ಹೊಲಿಗೆಯವಳ ಫೈಲಿತ್ತು.

ಅದು ಕಳೆದ ಜುಲೈ ತಿಂಗಳಿನದು. ಅವಳ ಕೇಸು ನೋಡುತ್ತಿದ್ದ ವಕೀಲರಮ್ಮ ಅವಳನ್ನು ಕಳಿಸಿದ್ದರು. ಮೂವತ್ತರ ಆಸುಪಾಸು, ಅಳತೆ ಟೇಪು ಕೊರಳಲ್ಲೇ ಮರೆತು ಬಂದಿದ್ದಳು. ಗಂಡನಿಂದ ರಕ್ಷಣೆ ಕೋರುವ ಅರ್ಜಿ, ಐದು ಪುಟ. ಹೊಸ ಮನೆಯ ವಿಳಾಸ ಅರ್ಜಿಯಲ್ಲಿ ಇರಲಿಲ್ಲ. ಅದನ್ನು ಬೇರೆ ಹಾಳೆಯಲ್ಲಿ ಟೈಪ್ ಮಾಡಿಸಿ, ಲಕೋಟೆಗೆ ಹಾಕಿ, ಮುದ್ರೆ ಒತ್ತಿ ನ್ಯಾಯಾಧೀಶರಿಗೆ ಮಾತ್ರ ಕೊಟ್ಟರು. ಗಂಡನ ವೃತ್ತಿ ವಿದ್ಯುತ್ ಮೀಟರ್ ಓದುವುದು. ಸಮವಸ್ತ್ರ ಹಾಕಿಕೊಂಡರೆ ಊರಿನ ಯಾವ ಗೇಟಾದರೂ ತೆರೆಯುತ್ತದೆ ಎಂದು ಮೂರನೇ ಪುಟದ ಮೊದಲ ಸಾಲಿನಲ್ಲಿತ್ತು. ಹಾಗೇ ಅವಳನ್ನು ಎರಡು ಸಲ ಹುಡುಕಿ ಹಿಡಿದಿದ್ದ. ಎರಡನೇ ಸಲ ಎಡಗೈ ಮುರಿದಿತ್ತು, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ. ಅರ್ಜಿಯ ಕೊನೆಯ ಪುಟದ ಕೆಳಗೆ, ಎಲ್ಲ ಕಾಗದಕ್ಕೂ ಹಾಕುವಂತೆ, ನನ್ನ ಅಂಗಡಿಯ ಮೊಹರು. ಅವನ ಕೈಗೂ ಒಂದು ಪ್ರತಿ ಹೋಗಿರುತ್ತದೆ.

ನಿನ್ನೆ ನೀರು ಕೊಟ್ಟ ಲೋಟ ಇನ್ನೂ ಕಿಟಕಿಯ ಮೇಲೇ ಇತ್ತು. ಪೆನ್‌ಡ್ರೈವ್ ಕಿತ್ತು ಚೀಲಕ್ಕೆ ಹಾಕಿಕೊಂಡು ತಿರುಪಿನ ಸ್ಕೂಟರ್ ಹತ್ತಿದೆ.

ಸೆಕೆಂಡ್‌ಹ್ಯಾಂಡ್ ಅಂಗಡಿಯವನು ನಮ್ಮ ಕಂಪ್ಯೂಟರನ್ನು ಅವತ್ತೇ ಬಿಚ್ಚಿ ಹಾಕಿದ್ದ. ಫೈಲುಗಳು ಉಳಿಯುವ ಡಿಸ್ಕುಗಳೆಲ್ಲ ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಿದ್ದಿದ್ದವು. ಎಲ್ಲದರ ಚೀಟಿ ಕೆರೆದು, ಮೇಲೆ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದ.

"ನಮ್ಮದು ಯಾವುದು?"

"ಅಮ್ಮಾ, ಅಕ್ಕಿಲಿ ನಿಮ್ಮ ಹೊಲದ ಕಾಳು ಯಾವುದು ಅಂದ್ರೆ ಹೇಗೆ ಹೇಳ್ಲಿ? ನಿನ್ನೆ ಸಂಜೆ ಇನ್ನೊಬ್ಬರೂ ಇದನ್ನೇ ಕೇಳಿದ್ರು. ಯೂನಿಫಾರ್ಮ್ ಹಾಕಿದ್ರು. ಟೈಪಿಂಗ್ ಅಂಗಡಿದು ಬೇಕು ಅಂದ್ರು. ಭಾನುವಾರ ರಜೆ, ಗೊತ್ತಿರೋನನ್ನ ಕರ್ಕೊಂಡು ಬಂದು ಆರಿಸ್ತೀನಿ ಅಂದ್ರು."

ಕೊಡಬೇಡಿ ಎಂದೆ. ಬಂದ ಗಿರಾಕಿಗೆ ಬಾಗಿಲು ಹಾಕಲೇ ಎಂದ. ತಿರುಪು ನನ್ನನ್ನು ಹಿಂದಕ್ಕೆ ಸರಿಸಿ ತಾನು ಮುಂದೆ ಬಂದ.

"ಅಣ್ಣಾ, ಬುಟ್ಟೀಲಿರೋ ಡಿಸ್ಕು ಕೆಲಸ ಮಾಡುತ್ತಾ ಅಂತ ನಿನಗೇ ಗೊತ್ತಿಲ್ಲ. ನಾವು ಪೂರ್ತಿ ಅಳಿಸಿ, ಪರೀಕ್ಷೆ ಮಾಡಿ, ಸರಿಯಿದ್ದಿದ್ದಕ್ಕೆ ಸರಿ ಅಂತ ಚೀಟಿ ಹಾಕಿ ಕೊಡ್ತೀವಿ. ಪುಕ್ಕಟೆ."

"ನನ್ನ ಪಾತ್ರೆ ನೀವು ತೊಳೆದು ಕೊಡ್ತೀವಿ ಅಂದ್ರೆ ಬೇಡ ಅನ್ನೋಕೆ ನಂಗೇನು ಹುಚ್ಚಾ?"

ನಮ್ಮ ಡಿಸ್ಕಿನ ಅಳತೆಯವನ್ನು ಬೇರೆ ತೆಗೆದು ಎಣಿಸಿದೆವು. ಇಪ್ಪತ್ತಾರು.

ಮಾರ್ಚ್ 7, ಶುಕ್ರವಾರ

ಅಂಗಡಿಯ ಹಿಂದಿನ ಕೋಣೆ. ತಿರುಪು ಎರಡು ಕಂಪ್ಯೂಟರ್ ತಂದು, ಒಂದೊಂದಕ್ಕೂ ಮೂರು ಡಿಸ್ಕು ಜೋಡಿಸಿದ. ಅವನು ವಿವರಿಸಿದ್ದು ಹೀಗೆ. ಚೀಟಿ ಕೀಳುವುದಲ್ಲ, ಕಪಾಟಿನ ಪ್ರತಿ ಹಾಳೆಯ ಪ್ರತಿ ಸಾಲಿನ ಮೇಲೂ ಸೊನ್ನೆ ಬರೆಯುವುದು. ಮೊದಲಿಂದ ಕೊನೆಯವರೆಗೆ, ಎಲ್ಲೂ ಬಿಡದೆ. ಒಂದು ಸಲ ಸರಿಯಾಗಿ ಬರೆದರೆ ಸಾಕು, ಏಳು ಸಲ ಬರೆಯಬೇಕು ಅನ್ನುವುದೆಲ್ಲ ಹಳೆಯ ಕಾಲದ ಮಾತಂತೆ. ಒಂದು ಡಿಸ್ಕಿಗೆ ಮೂರು ಗಂಟೆ. ಒಮ್ಮೆಗೆ ಆರು. ಹತ್ತಕ್ಕೆ ಶುರು ಮಾಡಿದರೆ ಒಂದು, ನಾಲ್ಕು, ಏಳು ಗಂಟೆಗೆ ಒಂದೊಂದು ಸರದಿ ಮುಗಿಯುತ್ತದೆ. ಇವತ್ತು ಹದಿನೆಂಟು, ನಾಳೆ ಎಂಟು. ಭಾನುವಾರದೊಳಗೆ ಆಗುತ್ತದೆ.

ಬೆಳಿಗ್ಗೆ ಅವನೊಂದು ದಾರಿ ಹೇಳಿದ. "ಅಕ್ಕಾ, ಒಂದೊಂದನ್ನೇ ಕೆದಕಿ ನೋಡಿದ್ರೆ ನಿಮ್ಮದು ಯಾವುದು ಅಂತ ಗೊತ್ತಾಗುತ್ತೆ. ಆಗ ಅದೊಂದನ್ನ ಅಳಿಸಿದ್ರೆ ಆಯ್ತು."

"ಬೇರೆಯವರದೂ ಕಾಣುತ್ತಲ್ಲ?"

"ಕಾಣುತ್ತೆ. ಕಣ್ಮುಚ್ಚಿಕೊಂಡು ನೋಡೋಕಾಗುತ್ತಾ?"

ಬೇಡ, ಎಲ್ಲವನ್ನೂ ನೋಡದೆಯೇ ಅಳಿಸು ಎಂದೆ. ಇಪ್ಪತ್ತೈದು ಮನೆಯವರ ಫೋಟೊ, ಪತ್ರ, ಆಸ್ಪತ್ರೆಯ ಚೀಟಿ. ಅವರೂ ನನ್ನ ಹಾಗೇ ಬುಟ್ಟಿ ಖಾಲಿ ಮಾಡಿ ನೆಮ್ಮದಿಯಾಗಿ ಮಲಗಿರುತ್ತಾರೆ.

ಪರದೆಯ ಮೇಲೆ ಒಂದು ಅಂಕಿ ಮಾತ್ರ ಏರುತ್ತದೆ. ನೂರಕ್ಕೆ ಎರಡು, ನೂರಕ್ಕೆ ಮೂರು. ಅಕ್ಕಿ ಬೇಯುವುದನ್ನು ಕಾಯುವುದೇ ವಾಸಿ. ಏಳು ಗಂಟೆಗೆ ಹದಿನೆಂಟೂ ಮುಗಿದವು. ಮುಗಿದದ್ದನ್ನು ಅದೇ ಕೆದಕುವ ಉಪಾಯ ಹಾಕಿ ನೋಡಿದೆವು. ಏನೂ ಸಿಗಲಿಲ್ಲ.

ಮಾರ್ಚ್ 8, ಶನಿವಾರ

ಏಳು ಸುಸೂತ್ರ. ಒಂದು ಮಾತ್ರ ತಿರುಗಲಿಲ್ಲ, ಟಿಕ್ ಟಿಕ್ ಎಂದು ಕುಟುಕಿ ನಿಂತಿತು. ಕೆಟ್ಟದ್ದು ತಾನೇ, ಬಿಸಾಕಿ ಅಂದ ಅಂಗಡಿಯವನು. ಕೆಟ್ಟದ್ದೇ ಅಪಾಯ ಅಂದ ತಿರುಪು. ನಮಗೆ ಓದಲು ಆಗದ್ದು ಅಂದರೆ ಅಳಿಸಲೂ ಆಗದ್ದು, ಗೊತ್ತಿರುವವನ ಕೈಗೆ ಸಿಕ್ಕರೆ ಓದಿಸಿಯಾನು. ಮುಚ್ಚಳ ಬಿಚ್ಚಿದ. ಒಳಗೆ ಕನ್ನಡಿಯಂಥ ಎರಡು ತಟ್ಟೆ. ಪಕ್ಕದ ಗ್ರಿಲ್ ಅಂಗಡಿಯಿಂದ ಡ್ರಿಲ್ ತಂದು ನಾನೇ ತೂತು ಕೊರೆದೆ. ತಿರುಪು ನಾಲ್ಕು ಸಾಕು ಎಂದ. ಹನ್ನೊಂದು ಕೊರೆದೆ.

ಕಾಯುವಾಗ ತಿರುಪು ಕೇಳಿದ. "ಅಕ್ಕಾ, ಇಷ್ಟು ವರ್ಷ ಟೈಪ್ ಮಾಡಿದ್ರಲ್ಲ, ಒಂದೂ ನೆನಪಿರಲ್ವಾ?"

ತಲೆಗೆ ಹೋಗುವುದಿಲ್ಲ ಎಂದೆ. ಆಮೇಲೆ ಸುಮ್ಮನೆ ಪರೀಕ್ಷೆಗೆಂದು ಮನಸ್ಸಿನಲ್ಲೇ ಎಣಿಸಲು ಕೂತೆ. ಮೂವರು ಅಣ್ಣತಮ್ಮಂದಿರು ಒಂದು ಬಾವಿಗಾಗಿ ಹಾಕಿದ ದಾವೆ. ಮಗುವನ್ನು ವಾರಕ್ಕೆ ಎರಡು ಗಂಟೆ ಮಾತ್ರ ನೋಡುವ ಅಪ್ಪ, ಆ ಎರಡು ಗಂಟೆಯಲ್ಲಿ ಏನೇನು ಮಾಡಿದೆವೆಂದು ಬರೆಸಿದ ಪಟ್ಟಿ. ಮದುವೆಯಾಗಿ ನಲವತ್ತು ವರ್ಷದ ಮೇಲೆ ವಿಚ್ಛೇದನ ಕೇಳಿದ ಅಜ್ಜಿ, ಕಾರಣ ಕೇಳಿದರೆ "ಅವರಿಗೆ ಗೊತ್ತು" ಅಂತಲೇ ಹಾಕು ಎಂದವಳು. ನೂರ ಎಂಟಕ್ಕೆ ಎಣಿಕೆ ನಿಲ್ಲಿಸಿದೆ. ಅಷ್ಟರಲ್ಲಿ ನಾಲ್ಕು ಗಂಟೆಯಾಗಿತ್ತು.

ಪೆನ್‌ಡ್ರೈವನ್ನು ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿದೆವು.

ಮಾರ್ಚ್ 9, ಭಾನುವಾರ

ಅಂಗಡಿಯವನು ಫೋನ್ ಮಾಡಿದ. ಮೀಟರಿನವನು ಬಂದಿದ್ದನಂತೆ, ಜತೆಗೊಬ್ಬ. ನಾಲ್ಕು ಡಿಸ್ಕು ಅಲ್ಲೇ ಹಾಕಿ ನೋಡಿ, ಮುಖ ಸಪ್ಪೆ ಮಾಡಿಕೊಂಡು ಹೋದರಂತೆ.

ಇವರು "ಸದ್ಯ, ಗೆದ್ದೆವು" ಎಂದರು. ಎಲ್ಲ ಕೇಳಿದ ಮೇಲೆ ಮೂರು ದಿನದಿಂದ ಇವರಿಗೆ ಊಟ ಸೇರಿರಲಿಲ್ಲ. ದಾರಿ ಹೇಳಿದ್ದು ನಾನೇ ಅಲ್ಲವೇ ಎಂದು ಅದನ್ನೇ ಜಪಿಸುತ್ತಿದ್ದರು. ಇವತ್ತು ಎರಡು ಸಲ ಬಡಿಸಿಕೊಂಡರು.

ಮಾರ್ಚ್ 11, ಮಂಗಳವಾರ

ತಿರುಪು ಬಂದು ಮನೆಯ ಕಂಪ್ಯೂಟರನ್ನು ಸರಿಮಾಡಿದ. ಇದರೊಳಗಿನದು ತಿರುಗುವ ತಟ್ಟೆಯಲ್ಲ, ಚಿಪ್. ಇದರ ಮೇಲೆ ಸೊನ್ನೆ ಬರೆದು ಅಳಿಸುವುದನ್ನು ಪೂರ್ತಿ ನಂಬುವ ಹಾಗಿಲ್ಲವಂತೆ. ಆದ್ದರಿಂದ ಮೊದಲೇ ಡಿಸ್ಕಿಗೇ ಬೀಗ. ಒಳಗೆ ಬರೆದದ್ದೆಲ್ಲ ಗುಟ್ಟಿನ ಲಿಪಿಯಲ್ಲೇ ಕೂರುತ್ತದೆ, ಪಾಸ್‌ವರ್ಡ್ ಇಲ್ಲದವನಿಗೆ ಬರೀ ಕಸ. ಪಾಸ್‌ವರ್ಡ್ ಉದ್ದದ್ದು, ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ. ಅಪ್‌ಡೇಟ್ ಎಂಬ ಹೊಸ ತಿದ್ದುಪಡಿ ಬಂದಾಗಲೆಲ್ಲ ನಾಳೆ ನೋಡೋಣ ಎನ್ನದೆ ಹಾಕಿಕೊಳ್ಳಬೇಕು. ಕೆಲಸದ ಪ್ರತಿ ಬೇರೆ ಡಿಸ್ಕಿನಲ್ಲಿ, ಕಪಾಟಿನಲ್ಲಿ.

ಇವರಿಗೆ ಬೇರೆ ಖಾತೆ. ಅದರಿಂದ ಏನನ್ನೂ ಇಳಿಸಲು ಬರುವುದಿಲ್ಲ, ನನ್ನ ಫೈಲು ಕಾಣುವುದಿಲ್ಲ.

"ನಮ್ಮನೇಲೇ ನಾನು ಬಾಡಿಗೆದಾರ ಆದೆ" ಎಂದರು ಇವರು.

"ಬಾಡಿಗೆದಾರ ಗೋಡೆಗೆ ಮೊಳೆ ಹೊಡಿಬಾರದು ಅಂಕಲ್" ಎಂದ ತಿರುಪು. ಸ್ಕ್ರೂ ಮತ್ತೆ ತುಟಿಯಲ್ಲಿತ್ತು.

ಅವನು ಹೋದ ಮೇಲೆ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಫೋನ್ ಮಾಡಿದೆ. ಶನಿವಾರ ನಮ್ಮದು ಬಂದದ್ದು, ಗುರುವಾರ ನಾವು ಹೋದದ್ದು. ನಡುವೆ ಆ ಅಳತೆಯ ಡಿಸ್ಕು ಯಾವುದಾದರೂ ಮಾರಿದ್ದೀರಾ?

"ಇಲ್ಲ ಅನ್ಸುತ್ತಮ್ಮಾ."

"ಅನ್ಸುತ್ತಾ, ಇಲ್ವಾ?"

"ಮಂಗಳವಾರ ನಾನಿರಲಿಲ್ಲ, ಭಾವಮೈದ ಕೂತಿದ್ದ. ಅವನು ಏನೂ ಹೇಳಿಲ್ಲ. ಅಂದ್ರೆ ಇಲ್ಲ ಅಂತಲೇ."

ಮಾರ್ಚ್ 12, ಬುಧವಾರ

ಇಪ್ಪತ್ತಾರರಲ್ಲಿ ನಮ್ಮದು ಇತ್ತು. ಇರಲೇಬೇಕು.

ಮಾರ್ಚ್ 13, ಗುರುವಾರ

ಅವನು ಮತ್ತೆ ಬಂದ. ಮೀಟರ್ ಓದಿ ಎಂಟೇ ದಿನವಾಗಿದೆ. ಇವರು ತರಕಾರಿಗೆ ಹೋಗಿದ್ದರು. ಗೇಟು ತೆಗೆದುಕೊಂಡು ನೇರ ಕಿಟಕಿಗೆ ಬಂದು ನಿಂತ. ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ.

"ಎಲ್ಲಾ ತೊಳೆದುಬಿಟ್ರಂತಲ್ಲ ಮೇಡಂ."

"ಹಳೇ ಮಾಲು. ತೊಳೆದೇ ಕೊಡಬೇಕು."

"ಒಳ್ಳೇದು, ಒಳ್ಳೇದು." ಕಿಟಕಿಯ ಸರಳಿನ ಮೇಲೆ ಬೆರಳು ಆಡಿಸುತ್ತಿದ್ದ. "ನಾನೇನೂ ಕೆಟ್ಟೋನಲ್ಲ ಮೇಡಂ. ಹೆಂಡತಿ ಎಲ್ಲಿದಾಳೆ ಅಂತ ಗಂಡನಿಗೆ ಗೊತ್ತಿರಬಾರದಾ? ನೀವೂ ಸಂಸಾರಸ್ಥರು. ಟೈಪ್ ಮಾಡಿದೋರಿಗೆ ಒಂದು ಸಾಲು ನೆನಪಿರಲ್ವಾ?"

"ನಾವು ಓದಲ್ಲ. ಕಣ್ಣು ನೋಡುತ್ತೆ, ಕೈ ಹೊಡೆಯುತ್ತೆ. ತಲೆಗೆ ಹೋಗಲ್ಲ."

ಇಪ್ಪತ್ತೆರಡು ವರ್ಷದಿಂದ ಹೇಳುತ್ತಿರುವ ಮಾತು. ನಾಲಿಗೆ ಎಲ್ಲೂ ತಡವರಿಸಲಿಲ್ಲ. ಹೇಳುವಾಗ ಆ ಹಾಳೆ ಪೂರ್ತಿ ಕಣ್ಣ ಮುಂದಿತ್ತು. ಮನೆ ನಂಬರು, ಅಡ್ಡರಸ್ತೆ, ಯಾವುದರ ಹಿಂಭಾಗ, ಮಹಡಿ. ನಂಬರಿನ ನಂತರ ಅಲ್ಪವಿರಾಮ ಹಾಕುವುದು ಮರೆತು ಆಮೇಲೆ ಸೇರಿಸಿದ್ದು ಕೂಡ. ಇಲ್ಲಿ ಬರೆಯುವುದಿಲ್ಲ.

ಅವನು ಒಂದು ಕ್ಷಣ ನನ್ನನ್ನೇ ನೋಡಿದ. "ನೆನಪಾದ್ರೆ ಹೇಳಿ. ನಾನು ಈ ಕಡೆ ಬರ್ತಾನೇ ಇರ್ತೀನಿ" ಎಂದು ಗೇಟನ್ನು ಸದ್ದಿಲ್ಲದೆ ಹಾಕಿಕೊಂಡು ಹೋದ.

ಅವನ ಕೈಗೆ ಇನ್ನೂ ಸಿಕ್ಕಿಲ್ಲ, ಅದು ಖಾತ್ರಿ. ಸಿಕ್ಕಿದ್ದರೆ ಬರುತ್ತಿರಲಿಲ್ಲ. ಆದರೆ ಅವನು ಹುಡುಕುವುದನ್ನು ನಿಲ್ಲಿಸಿಲ್ಲ. ಅವಳಿಗೆ ಗೊತ್ತಿಲ್ಲ.

ಮಾರ್ಚ್ 14, ಶುಕ್ರವಾರ

ನಾನೇ ಅವಳ ಮನೆಗೆ ಹೋಗಿ ಹೇಳೋಣವೆಂದು ಚಪ್ಪಲಿ ಹಾಕಿಕೊಂಡವಳು, ಗೇಟಿನ ತನಕ ಹೋಗಿ ವಾಪಸ್ ಬಂದೆ. ಅವನು ನನ್ನ ಹಿಂದೆಯೇ ಬಂದರೆ ಡಿಸ್ಕೂ ಬೇಡ, ಏನೂ ಬೇಡ. ವಕೀಲರಮ್ಮನಿಗೆ ಫೋನ್ ಮಾಡಿದೆ. ಸೋಮವಾರ ಅವಳನ್ನು ತಮ್ಮ ಕಚೇರಿಗೆ ಕರೆಸುತ್ತಾರಂತೆ.

"ನೀವು ಬರಲೇಬೇಕೂಂತ ಇಲ್ಲ, ನಾನೇ ಹೇಳ್ತೀನಿ" ಎಂದರು.

ಬರುತ್ತೇನೆ ಎಂದೆ.

ಮಾರ್ಚ್ 17, ಸೋಮವಾರ

ಹೊಲಿಗೆಯವಳು ತುಸು ಮೈತುಂಬಿಕೊಂಡಿದ್ದಾಳೆ. ಶಾಲೆಯೊಂದರ ಸಮವಸ್ತ್ರದ ಕೆಲಸ ಸಿಕ್ಕಿದೆಯಂತೆ, ಎರಡನೇ ಮೆಷಿನ್ ಕೊಂಡಿದ್ದಾಳೆ. ಅದನ್ನೆಲ್ಲ ಖುಷಿಯಾಗಿ ಹೇಳಿ ಮುಗಿಸಿದ ಮೇಲೆ ನಾನು ಹೇಳಬೇಕಾಯಿತು. ಮೊದಲಿಂದ, ದಿನಾಂಕದ ಪ್ರಕಾರ, ಏನನ್ನೂ ಬಿಡದೆ ಹೇಳಿದೆ.

"ಬುಟ್ಟಿ ತೋರಿಸಿದ್ರಲ್ಲಕ್ಕಾ ಅವತ್ತು" ಎಂದಳು ಕೊನೆಗೆ. "ಪರದೆ ತಿರುಗಿಸಿ. ಸದ್ದೂ ಕೇಳಿಸಿದ್ರಿ."

"ಹೌದು."

"ಆ ಸದ್ದು ನಂಬಿಕೊಂಡು ಎಂಟು ತಿಂಗಳು ನಿದ್ದೆ ಮಾಡಿದೀನಿ ನಾನು."

ನನಗೆ ಗೊತ್ತಿರಲಿಲ್ಲ ಎಂದೆ. ಗೊತ್ತಿಲ್ಲದೆ ಯಾಕೆ ತೋರಿಸಿದ್ರಿ ಎಂದಳು.

"ಓದಲ್ಲ ಅಂತಲೂ ಅಂದಿದ್ರಿ. ನನ್ನ ವಿಳಾಸ ಈಗ ನಿಮಗೆ ನೆನಪಿದ್ಯಾ?"

"ಇದೆ."

"ಹೇಳಿ ನೋಡೋಣ."

"ಹೇಳಲ್ಲ."

ವಕೀಲರಮ್ಮ ಒಳಗೆ ಬರುವವರೆಗೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಅದೊಂದು ಸರಿಯಾಗಿ ಮಾಡಿದ್ರಿ" ಎಂದಳು.

ಮತ್ತೆ ಮನೆ ಬದಲಿಸಬೇಕೇ ಎಂಬ ಮಾತು ಬಂತು. ಅವಳು ಎರಡು ಮೆಷಿನ್, ನೂರ ನಲವತ್ತು ಅಂಗಿಯ ಬಟ್ಟೆ ಹೊತ್ತುಕೊಂಡು ಎಷ್ಟು ಸಲ ಓಡಲಿ ಎಂದಳು. ವಕೀಲರಮ್ಮ ಇನ್ನೊಂದು ದಾರಿ ಹೇಳಿದರು. ಅವನು ಅವಳನ್ನು ಹುಡುಕಬಾರದು, ಬೇರೆಯವರ ಹತ್ತಿರ ವಿಚಾರಿಸಲೂ ಬಾರದು ಎಂದು ಕೋರ್ಟಿನ ಆದೇಶವಿದೆ. ಮುರಿದದ್ದು ಸಾಬೀತಾದರೆ ಒಳಗೆ ಹಾಕುತ್ತಾರೆ, ಮನೆಮನೆ ಸುತ್ತುವ ಆ ಕೆಲಸವೂ ಹೋಗುತ್ತದೆ. ಇಲ್ಲಿಯವರೆಗೆ ಸಾಕ್ಷಿ ಇರಲಿಲ್ಲ. ಅವನು ಕೇಳಿಕೊಂಡು ಹೋದ ಮನೆಯವರು ಯಾರೂ ಬಾಯಿ ಬಿಟ್ಟಿರಲಿಲ್ಲ.

"ಬಾಯಿಮಾತು ಸಾಲದು. ಪ್ರಮಾಣಪತ್ರ ಬೇಕು. ಹೆಸರು, ವಯಸ್ಸು, ಮನೆ ವಿಳಾಸ ಹಾಕಿ ಸಹಿ ಮಾಡಬೇಕು. ಒಂದು ಪ್ರತಿ ಅವನಿಗೆ ಹೋಗುತ್ತೆ." ನನ್ನನ್ನು ನೋಡಿ ಹೇಳಿದರು. "ಯೋಚನೆ ಮಾಡಿ."

"ಬೇಡಕ್ಕಾ" ಎಂದಳು ಹೊಲಿಗೆಯವಳು. "ಅವನು ನಿಮ್ಮ ಗೇಟಿಗೆ ದಿನಾ ಬರ್ತಾನೆ. ನಂಗೆ ಗೊತ್ತು ಅದು ಹೇಗಿರುತ್ತೆ ಅಂತ."

ಮಾರ್ಚ್ 18, ಮಂಗಳವಾರ

ಇವರಿಗೆ ಹೇಳಿದೆ. ಬಹಳ ಹೊತ್ತು ಪತ್ರಿಕೆ ಮಡಚಿದರು, ಬಿಚ್ಚಿದರು, ಮಡಚಿದರು.

"ಕಾಪಿ ಅವನಿಗೂ ಹೋಗುತ್ತಾ?"

"ಹೋಗುತ್ತೆ."

"ನಮ್ಮನೆ ಅವನಿಗೆ ಗೊತ್ತೇ ಇದೆಯಲ್ಲ. ಗೊತ್ತಿಲ್ಲದಿದ್ದರೆ ನಾನೇ ದಾರಿ ಹೇಳಿರ್ತಿದ್ದೆ." ಪತ್ರಿಕೆಯನ್ನು ಪಕ್ಕಕ್ಕಿಟ್ಟರು. "ನಂದೂ ಒಂದು ಬರಿ. ಅವನು ಮೊದಲ ಸಲ ಮಾತಾಡಿದ್ದು ನನ್ನ ಹತ್ರ."

ಸಂಜೆ ಗೇಟಿಗೆ ಒಳಗಿನಿಂದ ಹಾಕುವ ಚಿಲಕ ತಂದು ತಾವೇ ಕೂರಿಸಿದರು. ಸೊಟ್ಟಗಿದೆ. ಆದರೆ ಬೀಳುತ್ತದೆ.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಒಂಬತ್ತಕ್ಕೆ ಟೈಪ್ ಮಾಡಲು ಕುಳಿತೆ. ಪ್ರಮಾಣಪತ್ರ ನನಗೆ ನೀರು ಕುಡಿದಷ್ಟು ಸಲೀಸು. ಪುಟಕ್ಕೆ ಆರು ನಿಮಿಷ, ತಪ್ಪು ಸೊನ್ನೆ. ಇವರದು ಅಷ್ಟರಲ್ಲೇ ಮುಗಿಯಿತು. ನನ್ನದು ಒಂದೂವರೆ ಪುಟ, ಹನ್ನೊಂದೂವರೆಯಾದರೂ ಮುಗಿಯಲಿಲ್ಲ. ಒಂಬತ್ತು ತಪ್ಪು. ನನ್ನ ಹೆಸರಿನಲ್ಲೇ ಒಂದು ಅಕ್ಷರ ನುಂಗಿದ್ದೆ. ಅವನು ಕಿಟಕಿಯ ಸರಳಿನ ಮೇಲೆ ಬೆರಳು ಆಡಿಸಿದ್ದನ್ನು ಹಾಕಬೇಕೇ ಬೇಡವೇ ಎಂದು ಹತ್ತು ನಿಮಿಷ ಯೋಚಿಸಿ, ಹಾಕಿದೆ. ಅಂಥದ್ದನ್ನೆಲ್ಲ ಗಿರಾಕಿಗಳು ಸೇರಿಸಿ ಅನ್ನುವಾಗ ಅನಗತ್ಯ ಎನಿಸುತ್ತಿತ್ತು.

ಮುಗಿಸಿ ಮೂರು ಸಲ ಓದಿದೆ. ಇವರು ಹಿಂದೆ ನಿಂತು ಕನ್ನಡಕ ಏರಿಸಿಕೊಂಡು ಓದಿದರು.

"ಇದ್ಯಾರ ಮನೆ ನಂಬರೇ? ನಮ್ಮದಲ್ಲ."

ನೋಡಿದೆ. ವಾಸ ಎಂಬುದರ ಮುಂದೆ ನನ್ನ ಬೆರಳು ಬೇರೆ ನಂಬರು ಹೊಡೆದಿತ್ತು, ಅಡ್ಡರಸ್ತೆ ಸಮೇತ. ಮೂರು ಸಲ ಓದಿದಾಗಲೂ ಕಣ್ಣಿಗೆ ಬಿದ್ದಿರಲಿಲ್ಲ. ಯಾರದು ಎಂದು ಇವರು ಮತ್ತೆ ಕೇಳಲಿಲ್ಲ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ತಿದ್ದಲಿಲ್ಲ. ಆ ಫೈಲನ್ನು ಉಳಿಸದೆ ಮುಚ್ಚಿ, ಹೊಸ ಹಾಳೆ ತೆರೆದು ಮೊದಲಿನಿಂದ ಟೈಪ್ ಮಾಡಿದೆ. ವಾಸ ಎಂಬಲ್ಲಿಗೆ ಬಂದಾಗ ಹೊರಗೆ ಹೋಗಿ ನಮ್ಮ ಗೇಟಿನ ಮೇಲಿನ ನಂಬರನ್ನು ಕಣ್ಣಾರೆ ನೋಡಿ ಬಂದು ಹೊಡೆದೆ. ನಂಬರು, ಅಲ್ಪವಿರಾಮ, ಬೀದಿ, ಅಲ್ಪವಿರಾಮ, ಊರು.

ಮೂರು ಪ್ರತಿ ತೆಗೆದೆ. ಕೋರ್ಟಿಗೊಂದು, ವಕೀಲರಮ್ಮನಿಗೊಂದು, ಅವನಿಗೊಂದು.